ಏಳಕ್ಷರದ ಲೂಪ್‌ಗೆ ಆ್ಯಪ್, ಲ್ಯಾಪ್‌ಟಾಪ್, ಪೆಡಲ್: ನನ್ನ ಓಟು ಪೆಡಲ್‌ಗೆ

ಹಾಸನದ ಸಂತೆಪೇಟೆಯಲ್ಲಿ, ಬೆಂಗಳೂರಿಗೆ ಹೊರಟಿದ್ದ ಹುಡುಗನೊಬ್ಬನ ಹತ್ತಿರ ಒಂದೇ ಬಟನ್ನಿನ ಹಳೇ ಲೂಪ್ ಪೆಡಲ್ ತಗೊಂಡೆ. ನುಡಿಸಿದ್ದನ್ನು ಹಿಡಿದಿಟ್ಟು ಮತ್ತೆ ಮತ್ತೆ ಸುತ್ತಿಸುವ, ಕಾಲಲ್ಲಿ ಒತ್ತುವ ಪೆಟ್ಟಿಗೆ ಅದು. 4,000 ರೂಪಾಯಿ. ಆರು ತಿಂಗಳು ಮೊದಲೇ ತಗೊಂಡಿದ್ದರೆ ಫೋನಿನ ಲೂಪ್ ಆ್ಯಪ್‌ಗೆ ಸುರಿದ 850 ರೂಪಾಯಿ ಉಳಿಯುತ್ತಿತ್ತು.

ನನಗೆ ಬೇಕಿದ್ದದ್ದು ಇಷ್ಟೇ. ಗಿಟಾರಿನಲ್ಲಿ ಮಿಶ್ರ ಛಾಪು ತಾಳ, ಅಂದರೆ ತಕಿಟ ತಕಧಿಮಿ, ಏಳಕ್ಷರ (ಅಕ್ಷರ ಅಂದರೆ ತಾಳದ ಒಂದು ಎಣಿಕೆ). ಅದು ಸುತ್ತುತ್ತಿರಬೇಕು, ಮೇಲೆ ನಾಲ್ಕಕ್ಷರದ ಇನ್ನೊಂದು ತುಂಡು ಓಡಬೇಕು. ಒಟ್ಟಿಗೆ ಹೊರಟ ಎರಡೂ 28 ಅಕ್ಷರ ಮುಗಿದ ಮೇಲೇ ಮತ್ತೆ ಸಮದಲ್ಲಿ, ಅಂದರೆ ಮೊದಲ ಅಕ್ಷರದಲ್ಲಿ, ಸೇರುತ್ತವೆ. ಆ ಆಟಕ್ಕೇ ನಾನು ಬಿದ್ದಿದ್ದು.

ಆ್ಯಪ್ ಕಥೆ ಕೇಳಿ. ಅದಕ್ಕೆ ಗೊತ್ತಿರುವುದು ಮೂರು ಮತ್ತು ನಾಲ್ಕರ ಎಣಿಕೆ ಮಾತ್ರ. ದುಡ್ಡು ಕೊಟ್ಟರೆ ಏಳೂ ಸಿಗಬಹುದು ಅಂದುಕೊಂಡೆ. ಸಿಕ್ಕಿದ್ದು ಇನ್ನಷ್ಟು ಡ್ರಮ್ ಸದ್ದು. ಏಳು ನುಡಿಸಿ ನಿಲ್ಲಿಸಿದರೆ ತಾನೇ ಒಂದು ಖಾಲಿ ಅಕ್ಷರ ಸೇರಿಸಿ ಎಂಟು ಮಾಡುತ್ತದೆ. ತಕಿಟ ತಕಧಿಮಿ, ಗಪ್‌ಚುಪ್. ತಕಿಟ ತಕಧಿಮಿ, ಗಪ್‌ಚುಪ್. ಸುತ್ತು ಸುತ್ತಿಗೂ ಹಂಪ್ ಹತ್ತಿದ ಹಾಗೆ.

ಸುಮ್ನೆ ಬಿಡಲಿಲ್ಲ ನಾನು. ಏಳ್ನಾಲ್ಕ್ಲಿ 28, ನಾಲ್ಕೇಳ್ಲಿ 28. ಮಿಶ್ರ ಛಾಪು ನಾಲ್ಕು ಆವರ್ತ (ನಾಲ್ಕು ಸುತ್ತು) ನುಡಿಸಿದರೆ ಆ್ಯಪಿನ ಲೆಕ್ಕದಲ್ಲೂ ಸರಿಯಾಗಿ ಏಳು ಬಾರ್, ಅಂದರೆ ನಾಲ್ಕಕ್ಷರದ ಏಳು ಗುಂಪು. ಸಿಕ್ಕಿಬಿತ್ತು ಅಂತ ಖುಷಿಯಾಗಿ ಲೂಪಿನ ಉದ್ದ ಆರಿಸೋಕೆ ಹೋದರೆ ಇರುವುದು 1, 2, 4, 8 ಬಾರ್. ಏಳಿಲ್ಲ! 8 ಇಟ್ಟರೆ 32 ಅಕ್ಷರ, ಕೊನೆಗೆ ನಾಲ್ಕು ಖಾಲಿ. ಆ ಜಾಗಕ್ಕೆ ಇನ್ನೊಂದು ತಕಧಿಮಿ ತುಂಬಿದೆ. ಕೇಳೋಕೆ ಚೆನ್ನಾಗೇ ಇತ್ತು, ಆದರೆ ನಾನು ಹೊರಟ ತಾಳ ಅದಲ್ಲ, ಅಲ್ವಾ?

ನ್ಯಾಯವಾಗಿ ಗೆಲ್ಲಬೇಕಾದದ್ದು ಲ್ಯಾಪ್‌ಟಾಪಿನ ಏಬಲ್ಟನ್ ಲೈವ್ ಅನ್ನೋ ಸಂಗೀತದ ಸಾಫ್ಟ್‌ವೇರ್. ಒಂದು ಕ್ಲಿಪ್‌ಗೆ ಏಳರ ಉದ್ದ, ಇನ್ನೊಂದಕ್ಕೆ ನಾಲ್ಕರದ್ದು ಕೊಟ್ಟರೆ ಅದರ ಪಾಡಿಗೆ ಅದು ತಿರುಗುತ್ತದೆ. ಒಂದೇ ಆವರ್ತದಲ್ಲಿ ಮೂರು ಪೆಟ್ಟಿಗೆ ನಾಲ್ಕು ಪೆಟ್ಟು ಬೇಕಾ? 12 ಮನೆ ಮಾಡಿ, ನಾಲ್ಕು ಮನೆಗೊಂದು ಪೆಟ್ಟು, ಮೂರು ಮನೆಗೊಂದು ಪೆಟ್ಟು ಹಾಕಿ. ಕ್ವಾಂಟೈಸೇಶನ್, ಅಂದರೆ ಒತ್ತಿದ ಕ್ಲಿಪ್ ಯಾವ ಎಣಿಕೆಗೆ ಕಾದು ಶುರುವಾಗಬೇಕು ಅನ್ನೋದನ್ನು, ಮೊದಲೇ ಒಂದು ಬಾರ್‌ಗೆ ಇಟ್ಟಿರುತ್ತಾರೆ, ಅದನ್ನು ಇಳಿಸಿಕೊಳ್ಳಬೇಕು, ಅಷ್ಟೇ. ಆದರೆ ಲ್ಯಾಪ್‌ಟಾಪ್ ತಂಗಿಯದು. ಭಾನುವಾರ ಮಾತ್ರ ನನ್ನ ಕೈಗೆ ಬರುತ್ತದೆ.

ಪೆಡಲ್‌ಗೆ ಲೆಕ್ಕವೇ ಬರುವುದಿಲ್ಲ, ಅದಕ್ಕೇ ನನಗದು ಇಷ್ಟ. ಒತ್ತಿದರೆ ಶುರು, ಮತ್ತೆ ಒತ್ತಿದರೆ ಸುತ್ತು ಮುಗಿಯಿತು. ನಡುವೆ ಏಳಿರಲಿ, ಒಂಬತ್ತಿರಲಿ, ಅದಕ್ಕೇನು? ಒಂದೇ ಟ್ರ್ಯಾಕ್, ಮೇಲೆ ಹಾಕಿದ್ದೆಲ್ಲ ಮೊದಲನೆಯದರ ಉದ್ದಕ್ಕೇ ಕೂರಬೇಕು. ಹಾಗಾಗಿ ಮಿಶ್ರ ಛಾಪು ನಾಲ್ಕು ಆವರ್ತ ನುಡಿಸಿ, ಐದನೆಯದರ ಮೊದಲ 'ತ' ಬೀಳುವಾಗ ಒತ್ತುತ್ತೇನೆ. ಅವಸರಪಟ್ಟು ಹಿಂದಿನ 'ಮಿ' ಮೇಲೆ ಒತ್ತಿದರೆ ಒಂದಕ್ಷರ ಹೋಯಿತು. ಬೂಟು ಹಾಕಿದರೆ ಇದು ಆಗದು, ಬರಿಗಾಲೇ ಸರಿ. ಆಮೇಲೆ ನಾಲ್ಕರ ತುಂಡು ಏಳು ಸಲ. ಆ್ಯಪ್ ಕೊಡದ 28 ಕಾಲಿನ ಹೆಬ್ಬೆರಳಿಗೆ ಸಿಕ್ಕಿತು.

ಮಳೆಗಾಲದಲ್ಲಿ ಕರೆಂಟ್ ಹೋದರೂ 9 ವೋಲ್ಟ್ ಬ್ಯಾಟರಿಯಲ್ಲಿ ನಡೆಯುತ್ತದೆ.

ಆ್ಯಪ್ ಫೋನಿನಲ್ಲಿ ಹಾಗೇ ಇದೆ. ಅಮ್ಮ ಭಜನೆ ಹೇಳಿಕೊಳ್ಳೋಕೆ ಬಳಸುತ್ತಾರೆ. ಅವರದ್ದು ಆದಿ ತಾಳ, ಎಂಟಕ್ಷರ, ಒಂದೂ ತಕರಾರಿಲ್ಲ.