ಬೋರ್‌ವೆಲ್ ಮನೆಯ ರೀಫ್ ಟ್ಯಾಂಕಿಗೆ ಆರ್‌ಒ-ಡಿಐ ಯಂತ್ರ

ರೀಫ್ ಟ್ಯಾಂಕಲ್ಲಿ, ಅಂದ್ರೆ ಉಪ್ಪುನೀರಿನ ಅಕ್ವೇರಿಯಂನಲ್ಲಿ, ಹವಳ ಸಾಕೋರಿಗೆ ಅಡುಗೆಮನೆಯ ಆರ್‌ಒ ಸಾಲಲ್ಲ. ಕುಡಿಯೋಕೆ ಸಪ್ಪೆ ಅನ್ನಿಸಬಾರದು ಅಂತ ಎಷ್ಟೋ ಯಂತ್ರಗಳಲ್ಲಿ ಒಂದಿಷ್ಟು ಸೋಸದ ನೀರು ಬೆರೆಸ್ತಾರೆ; ನಮಗೆ ಬೇಕಿರೋದು ಟಿಡಿಎಸ್ (ನೀರಲ್ಲಿ ಕರಗಿರೋ ಲವಣಗಳ ಅಳತೆ) ಸೊನ್ನೆ. ಹಾಗಾಗಿ ದಿನಕ್ಕೆ 75 ಗ್ಯಾಲನ್ (75 ಜಿಪಿಡಿ) ಲೆಕ್ಕದ ಈ ಆರ್‌ಒ-ಡಿಐ ಯಂತ್ರ ತರಿಸಿದೆ; ಇದರಲ್ಲಿ ಆರ್‌ಒ ಆದ ಮೇಲೆ ಉಳಿದ ಲವಣವನ್ನ ರೆಸಿನ್ ಅನ್ನೋ ಕಾಳುಗಳು ಹೀರ್ಕೊಳ್ತವೆ.

ವೈಟ್‌ಫೀಲ್ಡ್ ಕಡೆಯ ಬೋರ್‌ವೆಲ್ ನೀರು, ಟಿಡಿಎಸ್ ಮೀಟರ್ ಅದ್ದಿದರೆ 700ರ ಆಸುಪಾಸು. ಆರ್‌ಒ ಮೆಂಬ್ರೇನ್ (ಸೋಸೋ ಪೊರೆ) ದಾಟಿದ ಮೇಲೆ 25ರೊಳಗೆ, ರೆಸಿನ್ ದಾಟಿದರೆ 0. ಗಾಜಿನ ಮೇಲೆ ಹಿಡೀತಿದ್ದ ಕಂದು ಪಾಚಿ ಈಗ ತುಂಬಾ ಕಡಿಮೆ. ಈ ಕೆಲಸಕ್ಕೆ ಪೂರ್ತಿ ಅಂಕ.

ಸಿಟ್ಟು ಬಂದಿದ್ದು ನೀರಿನ ಒತ್ತಡ ಹೆಚ್ಚಿಸೋ ಬೂಸ್ಟರ್ ಪಂಪ್ ವಿಷಯಕ್ಕೆ. ಡಬ್ಬಿಯಲ್ಲೂ ಇಲ್ಲ, ಮಾರಿದವರೂ ಬಾಯಿ ಬಿಡಲಿಲ್ಲ. ಓವರ್‌ಹೆಡ್ ಟ್ಯಾಂಕಿನಿಂದ ಹತ್ತಡಿ ಎತ್ತರಕ್ಕೆ ಸಿಗೋ ಒತ್ತಡ 4 ಪಿಎಸ್‌ಐ ಚಿಲ್ಲರೆ. ಮೆಂಬ್ರೇನ್ ಕೇಳೋದು 50-60. ಪಂಪ್ ಇಲ್ಲದೆ ನೀರು ತೊಟ್ಟಿಕ್ಕುತ್ತೆ ಅಷ್ಟೇ. ಅದರ ದುಡ್ಡನ್ನೂ ಸೇರಿಸಿಯೇ ಲೆಕ್ಕ ಹಾಕಿ.

ರೆಸಿನ್ ಪಾರದರ್ಶಕ ಕೊಳವೆಯಲ್ಲಿರೋದು ಒಳ್ಳೇದಾಯ್ತು. ರೆಸಿನ್ ಮುಗಿಯುತ್ತಾ ಬಂದ ಹಾಗೆ ನೀಲಿ ಕಾಳುಗಳು ತಳದಿಂದ ಮೇಲಕ್ಕೆ ಕಂದಾಗ್ತಾ ಹೋಗೋದು ಕಣ್ಣಿಗೆ ಕಾಣುತ್ತೆ. ಬೋರ್‌ವೆಲ್ ನೀರಲ್ಲಿ ಕರಗಿರೋ ಇಂಗಾಲದ ಡೈಆಕ್ಸೈಡನ್ನು ಮೆಂಬ್ರೇನ್ ತಡೆಯಲ್ಲ, ಅದು ರೆಸಿನನ್ನು ಬೇಗ ತಿಂದುಹಾಕುತ್ತೆ. ಮೀಟರ್ 1 ತೋರಿಸಿದ ದಿನವೇ ಬದಲಾಯಿಸಿ, ಕಾಯಬೇಡಿ.

ಒಂದು ಬಕೆಟ್ ಒಳ್ಳೇ ನೀರಿಗೆ ಮೂರ್ನಾಲ್ಕು ಬಕೆಟ್ ಆಚೆ ಹೋಗುತ್ತೆ. ನಮ್ಮನೇಲಿ ಅದು ನೆಲ ಒರೆಸೋಕೆ, ಟಾಯ್ಲೆಟ್ಟಿಗೆ. ಗಿಡಕ್ಕೆ ಹಾಕಲ್ಲ, ಉಪ್ಪು ಜಾಸ್ತಿ. ಬೇಸಿಗೇಲಿ ಟ್ಯಾಂಕರ್ ತರಿಸೋ ಅಪಾರ್ಟ್‌ಮೆಂಟಿನವರು ಮಾತ್ರ ಕೊಳ್ಳೋಕೆ ಮುಂಚೆ ಮನೆಯವರನ್ನ ಒಂದು ಮಾತು ಕೇಳಿ.