ಟ್ರೈಲರ್ ಲೈಟಿಗೆ ಕಾರಿನ ವೈರ್ ಸುಲಿಯಲು ಬಿಡಬೇಡಿ

ಕಾರಿನ ಹಿಂದೆ ಟ್ರೈಲರ್ ಕಟ್ಟುವವರು ದಯವಿಟ್ಟು ಇದನ್ನು ಓದಿ. ನನ್ನ ಕಾರಿಗೆ ವೈರಿಂಗ್ ಮಾಡಿದ ಮೆಕ್ಯಾನಿಕ್, ಹಿಂದಿನ ಲೈಟಿನ ವೈರುಗಳನ್ನೇ ಸುಲಿದು, ಟ್ರೈಲರ್ ವೈರನ್ನು ಅದಕ್ಕೆ ಸುತ್ತಿ ಟೇಪ್ ಹಚ್ಚಿದ್ದ. ಅರ್ತಿಂಗಿಗೆ, ಅಂದರೆ ಕರೆಂಟ್ ಬ್ಯಾಟರಿಗೆ ವಾಪಸ್ ಹೋಗುವ ದಾರಿಗೆ, ಬೇರೆ ವೈರ್ ಎಳೆದಿರಲಿಲ್ಲ. ಕಾರಿಗೆ ಟ್ರೈಲರ್ ಸಿಕ್ಕಿಸುವ ಕೊಂಡಿಯ ಕಬ್ಬಿಣವೇ ಸಾಕು ಅಂತ ಬಿಟ್ಟಿದ್ದ. ನಿಂತಲ್ಲಿ ನೋಡಿದಾಗ ಲೈಟೆಲ್ಲ ಚೆನ್ನಾಗಿಯೇ ಉರಿದವು.

ಕತ್ತಲಲ್ಲಿ ರಸ್ತೆಗಿಳಿದ ಮೇಲೆ ಬಣ್ಣ ಬಯಲಾಯಿತು. ಎಡಗಡೆ ಇಂಡಿಕೇಟರ್ ಹಾಕಿದರೆ ಟ್ರೈಲರಿನ ಎರಡೂ ಕಡೆ ಮಂಕಾಗಿ ಮಿಣುಕುತ್ತಿತ್ತು. ಬ್ರೇಕ್ ಒತ್ತಿದರೆ ಉರಿಯುತ್ತಿದ್ದ ಟೈಲ್ ಲೈಟೂ ಆರಿಹೋಗುತ್ತಿತ್ತು! ಹಿಂದಿದ್ದ ಲಾರಿಯವರು ಕೊನೇ ಗಳಿಗೆಯಲ್ಲಿ ಪಕ್ಕಕ್ಕೆ ಎಳೆದುಕೊಂಡರು. ನೆನೆಸಿಕೊಂಡರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಕಾರಣ ಅರ್ತಿಂಗ್. ಕೊಂಡಿಯ ಗುಂಡಿನ ಮೇಲೆ ಗ್ರೀಸ್, ಪೇಂಟ್, ತುಕ್ಕು ಎಲ್ಲ ಇರುತ್ತದೆ. ಗಾಡಿ ಕುಲುಕಿದಾಗ ಸಂಪರ್ಕ ತಪ್ಪುತ್ತದೆ. ವಾಪಸ್ ಹೋಗಲು ದಾರಿ ಸಿಗದ ಕರೆಂಟ್ ಬೇರೆ ಬಲ್ಬಿನೊಳಗೆ ನುಗ್ಗುತ್ತದೆ. ಅದಕ್ಕೇ ಆ ಮಿಣುಕಾಟ.

ಅಷ್ಟಕ್ಕೇ ಮುಗಿಯಲಿಲ್ಲ. ಕೆಲವು ದಿನಕ್ಕೆ ಕಾರಿನದೇ ಎಡ ಇಂಡಿಕೇಟರ್ ಸತ್ತುಹೋಯಿತು. ಈಗಿನ ಬಹಳಷ್ಟು ಕಾರುಗಳಲ್ಲಿ ಲೈಟಿಗೆ ಕರೆಂಟ್ ಕೊಡುವುದು ಬಾಡಿ ಕಂಟ್ರೋಲ್ ಮಾಡ್ಯೂಲ್ ಅನ್ನುವ ಎಲೆಕ್ಟ್ರಾನಿಕ್ ಪೆಟ್ಟಿಗೆ. ಯಾವ ಲೈನಿಗೆ ಎಷ್ಟು ಅಂತ ಅದಕ್ಕೊಂದು ಲೆಕ್ಕ ಇರುತ್ತದೆ. 21 ವ್ಯಾಟಿನ ಒಂದು ಬಲ್ಬ್ 12 ವೋಲ್ಟಿನಲ್ಲಿ ಸುಮಾರು 1.75 ಆಂಪಿಯರ್ ಎಳೆಯುತ್ತದೆ. ಟ್ರೈಲರಿನ ಬಲ್ಬನ್ನೂ ಅದೇ ಲೈನಿಗೆ ಹೇರಿದರೆ ಹೊರೆ ಜಾಸ್ತಿ ಆಗದೆ ಇರುತ್ತದೆಯೇ? ನನ್ನ ಮಾಡ್ಯೂಲನ್ನೇ ಬದಲಿಸಬೇಕಾಯಿತು. ಟೇಪ್ ಬಿಚ್ಚಿ ನೋಡಿದರೆ ತಾಮ್ರದ ಎಳೆಗಳು ಹಸಿರುಗಟ್ಟಿ, ಮುಟ್ಟಿದರೆ ಪುಡಿಪುಡಿ.

ಹಾಗಾಗಿ ಕೆಲಸ ಒಪ್ಪಿಸುವ ಮೊದಲೇ ಕೇಳಿ: ಬ್ಯಾಟರಿಯಿಂದ ನೇರವಾಗಿ, ಫ್ಯೂಸ್ ಹಾಕಿ, ಟ್ರೈಲರಿಗೇ ಬೇರೆ ರಿಲೇ ಮಾಡ್ಯೂಲ್ (ಕಾರಿನ ಲೈಟಿನಿಂದ ಸೂಚನೆ ಮಾತ್ರ ತೆಗೆದುಕೊಂಡು, ಬ್ಯಾಟರಿಯ ಕರೆಂಟನ್ನು ಟ್ರೈಲರ್ ಲೈಟಿಗೆ ಕೊಡುವ ಪೆಟ್ಟಿಗೆ) ಕೂರಿಸುತ್ತೀರಾ? ಸುಮ್ನೆ ವೈರ್ ಸುತ್ತಿಬಿಡುತ್ತೇನೆ ಅಂದರೆ ಎದ್ದು ಬನ್ನಿ. ಅರ್ತ್ ವೈರ್ ಸಾಕೆಟ್ ಮೂಲಕವೇ ಟ್ರೈಲರಿಗೆ ಹೋಗಬೇಕು, ಕೊಂಡಿಯನ್ನು ನಂಬಬಾರದು. ಜಾಯಿಂಟುಗಳಿಗೆ ನೀರು ಹೋಗದಂತೆ, ಬಿಸಿ ಮಾಡಿದರೆ ಕುಗ್ಗಿ ಬಿಗಿಯಾಗುವ ಹೀಟ್ ಶ್ರಿಂಕ್ ಟ್ಯೂಬ್ ಹಾಕಿಸಿ.

ಪರೀಕ್ಷೆ ಮಾಡುವಾಗ ಟೈಲ್ ಲೈಟ್, ಬ್ರೇಕ್, ಇಂಡಿಕೇಟರ್ ಮೂರನ್ನೂ ಒಟ್ಟಿಗೆ ಹಾಕಿ. ಒಂದೊಂದೇ ಹಾಕಿದರೆ ಇಂಥ ದೋಷ ಕಣ್ತಪ್ಪಬಹುದು. ಲೈಟ್ ಉರಿಯುತ್ತಿರುವಾಗಲೇ ಟ್ರೈಲರ್ ಬಲ್ಬಿನ ಅರ್ತಿನಿಂದ ಕಾರಿನ ಬ್ಯಾಟರಿಯ ನೆಗೆಟಿವಿಗೆ ಮಲ್ಟಿಮೀಟರ್ ಹಿಡಿದು ವೋಲ್ಟ್ ಅಳೆಯಿರಿ. ಸೊನ್ನೆಯ ಹತ್ತಿರ ತೋರಿಸಬೇಕು. ಒಂದು ವೋಲ್ಟ್ ತೋರಿಸಿದರೆ ಅರ್ತಿಂಗ್ ಸರಿಯಿಲ್ಲ ಅಂತಲೇ ಅರ್ಥ, ಅದನ್ನು ಸರಿಮಾಡಿಸದೆ ಗಾಡಿ ತೆಗೆಯಬೇಡಿ.