ಬಿಎಲ್‌ಡಿಸಿ ಫ್ಯಾನ್: ಸೆಕೆಗೆ ಸರಿ, ಗುಡುಗಿಗೆ ತಡೆಯಲ್ಲ

ಶಿವಮೊಗ್ಗದಲ್ಲಿ ಹಂಚಿನ ಮನೆಯವರು ಏಪ್ರಿಲ್ ತಿಂಗಳನ್ನ ಹೇಗೋ ಕಳೆಯುತ್ತಾರೆ. ನಮ್ಮದು ಆರ್‌ಸಿಸಿ, ಅದೂ ಮೇಲ್ಮಹಡಿ. ರಾತ್ರಿ ಹನ್ನೊಂದಾದರೂ ಸ್ಲ್ಯಾಬ್ ಬಿಸಿ ಇಳಿಸುತ್ತಲೇ ಇರುತ್ತದೆ. ಎಸಿ ನಮ್ಮ ಕೈಗೆಟುಕುವ ಮಾತಲ್ಲ. ಹಾಗಾಗಿ ಮೂರು ಕೋಣೆಗೂ ಕಮ್ಮಿ ಕರೆಂಟಲ್ಲಿ ತಿರುಗುವ, ರಿಮೋಟ್ ಇರುವ ಬಿಎಲ್‌ಡಿಸಿ ಫ್ಯಾನ್ ಹಾಕಿಸಿದೆವು.

ಹಳೆಯದು 75 ವ್ಯಾಟ್, ಇದು ಫುಲ್ ಸ್ಪೀಡಲ್ಲೂ 30ರ ಆಸುಪಾಸು. ದಿನಕ್ಕೆ 14 ಗಂಟೆ ತಿರುಗಿದರೆ ಮೂರೂ ಸೇರಿ ತಿಂಗಳಿಗೆ 50ಕ್ಕೂ ಜಾಸ್ತಿ ಯುನಿಟ್ ಉಳಿಯುತ್ತದೆ. ಗೃಹಜ್ಯೋತಿಯಲ್ಲಿ 200 ಯುನಿಟ್ ದಾಟಿದರೆ ಪೂರ್ತಿ ಬಿಲ್ ನಾವೇ ಕಟ್ಟಬೇಕಲ್ವಾ, ಬೇಸಿಗೆಯಲ್ಲಿ ಆ ಭಯ ಹೋಯಿತು.

ನನಗೆ ಅದಕ್ಕಿಂತ ಖುಷಿ ಕೊಟ್ಟಿದ್ದು ಸಂಜೆಯ ಗಾಳಿ. ವೋಲ್ಟೇಜ್ ಇಳಿದಾಗ ಹಳೆ ಫ್ಯಾನ್ ಸೋತು ಸುಣ್ಣವಾಗುತ್ತಿತ್ತು. ಇದು ಅದೇ ವೇಗದಲ್ಲಿ ತಿರುಗುತ್ತದೆ. ಕರೆಂಟ್ ಹೋದರೆ ಇನ್ವರ್ಟರ್ ಕೂಡ ಹೆಚ್ಚು ಹೊತ್ತು ಬರುತ್ತದೆ. ಬೇಸಿಗೆ ಶುರುವಾಗುತ್ತಿದ್ದಂತೆ ತಾರಸಿ ಮೇಲೆ ಅಡಿಕೆ ಸೋಗೆ ಹಾಸುತ್ತೇವೆ. ಬಿಸಿಲು ಇಳಿದ ಮೇಲೆ ಅದಕ್ಕೆ ನಾಲ್ಕು ಕೊಡ ನೀರು ಚಿಮುಕಿಸಿ, ಎದುರುಬದುರು ಕಿಟಕಿ ತೆಗೆದು, ಫ್ಯಾನ್ ಎರಡರಲ್ಲಿಟ್ಟು ಮಲಗುತ್ತೇವೆ. ಸದ್ದೇ ಇಲ್ಲ. ಹಿತ್ತಲ ಜೀರುಂಡೆ ಕೇಳಿಸುತ್ತದೆ.

ಭರಣಿ ಮಳೆ ಬಂತು ನೋಡಿ, ಅಲ್ಲಿಂದ ಬೇಸರ ಶುರು. ಒಂದೇ ಸಿಡಿಲಿಗೆ ನಡುಮನೆಯ ಫ್ಯಾನಿನ ಒಳಗಿನ ಎಲೆಕ್ಟ್ರಾನಿಕ್ ಬೋರ್ಡ್ ಸುಟ್ಟಿತು. ಹಳೆ ಫ್ಯಾನಾದರೆ ಕೆಪಾಸಿಟರ್ ಹೋದರೂ ಪಕ್ಕದ ಬೀದಿಯ ಎಲೆಕ್ಟ್ರಿಷಿಯನ್ ನಿಂತ ನಿಲುವಲ್ಲೇ ಹಾಕಿ ಹೋಗುತ್ತಿದ್ದರು. ಇದಕ್ಕೆ ಬೋರ್ಡ್ ಬೆಂಗಳೂರಿಂದ ಬರಬೇಕಂತೆ. ಸರ್ವಿಸ್ ಸೆಂಟರಿಗೆ ಫೋನ್ ಮಾಡಿದರೆ ದಿನಾ 'ನಾಳೆ'. ಸೆಕೆಯಲ್ಲಿ ಬೆಂದದ್ದು ನಾವು. ಸಿಡಿಲಿಗೆ ಹೋದದ್ದು ವಾರಂಟಿಗೆ ಬರಲ್ಲ ಅಂತ ದುಡ್ಡನ್ನೂ ತೆಗೆದುಕೊಂಡರು. ಮಲೆನಾಡಲ್ಲಿ ಮಾರುವಾಗ ಇಲ್ಲಿ ಗುಡುಗು ಸಿಡಿಲು ಇರುತ್ತೆ ಅಂತ ಗೊತ್ತಿರಬೇಡವಾ?

ಈಗ ಮೋಡ ಕಟ್ಟಿದರೆ ಗೋಡೆಯ ಸ್ವಿಚ್ಚನ್ನೇ ಆರಿಸುತ್ತೇವೆ. ರಿಮೋಟಲ್ಲಿ ಆಫ್ ಮಾಡಿದರೆ ಸಾಲದು, ಒಳಗಿನ ಬೋರ್ಡಿಗೆ ಕರೆಂಟ್ ಹರಿಯುತ್ತಲೇ ಇರುತ್ತದೆ. ಅರ್ಥಿಂಗ್ ನೋಡಿಸಿ, ಮನೆಯ ಮೇನ್ ಬೋರ್ಡಿಗೆ, ದಿಢೀರ್ ಏರುವ ವೋಲ್ಟೇಜ್ ತಡೆಯುವ ಸರ್ಜ್ ಪ್ರೊಟೆಕ್ಟರ್ ಕೂಡ ಹಾಕಿಸಿದ್ದೇವೆ. ಆ ಖರ್ಚನ್ನೂ ಫ್ಯಾನಿನ ರೇಟಿಗೆ ಸೇರಿಸಿಯೇ ಲೆಕ್ಕ ಹಾಕಿ.

ಮಲಗುವ ಕೋಣೆಗೆ ನಾನು ಮತ್ತೆ ಇದನ್ನೇ ತರುತ್ತೇನೆ. ಅತ್ತೆಯ ಕೋಣೆಗೆ ಮಾತ್ರ ಹಳೆ ಫ್ಯಾನೇ ವಾಪಸ್ ಬಂದಿದೆ. ಕತ್ತಲಲ್ಲಿ ರಿಮೋಟ್ ತಡಕಾಡುವುದು ಅವರಿಗೆ ಆಗಲ್ಲ. ಕೊಳ್ಳುವವರು ಸ್ಟಾರ್ ನೋಡುವ ಮೊದಲು ಬೋರ್ಡ್ ಊರಲ್ಲೇ ಸಿಗುತ್ತಾ ಅಂತ ಅಂಗಡಿಯವರನ್ನ ಕೇಳಿ. ಇಲ್ಲ ಅಂದರೆ ಬೇರೆ ಕಂಪನಿಯದು ನೋಡಿ.